ಹಸಿ ಇರುವಷ್ಟು ಹೊತ್ತು

ಅಚ್ಚಿನ ಕಲೆ ಹುಟ್ಟಿದ್ದೇ ಅಳಿವಿಗೆ ಎದುರಾಗಿ. ಮರದ ಹಲಗೆ ಕೆತ್ತಿದವನಿಗೂ, ತಾಮ್ರದ ತಗಡನ್ನು ಆಮ್ಲದಲ್ಲಿ ಅದ್ದಿ ಗೆರೆ ಕಚ್ಚಿಸಿದವನಿಗೂ, ಕಲ್ಲಿನ ಮೇಲೆ ಜಿಡ್ಡಿನ ಬಳಪದಿಂದ ಬರೆದವನಿಗೂ ಇದ್ದ ಆಸೆ ಒಂದೇ: ಒಂದು ಹಾಳೆ ಹರಿದುಹೋದರೆ ಇನ್ನೊಂದು ಇರಲಿ, ಒಂದು ಊರು ಸುಟ್ಟುಹೋದರೆ ಇನ್ನೊಂದು ಊರಿನ ಗೋಡೆಯ ಮೇಲೆ ಅದೇ ಚಿತ್ರ ಉಳಿದಿರಲಿ. ತಗಡಿನೊಳಗೆ ಇಳಿದ ಗೆರೆ ತಗಡು ಸವೆಯುವ ತನಕ ಇರುತ್ತದೆ. ಶಾಯಿ ತುಂಬಿ, ಮೇಲ್ಮೈ ಒರೆಸಿ, ಒತ್ತಿದರೆ ಮತ್ತೊಂದು ಪ್ರತಿ ಸಿದ್ಧ. ಇದೇ ಮನೆಯಲ್ಲಿ ಹುಟ್ಟಿ, ಇದೇ ಪ್ರೆಸ್ಸು, ಇದೇ ಶಾಯಿ, ಇದೇ ಕಾಗದ ಬಳಸಿಕೊಂಡು, ಈ ಭರವಸೆಯೊಂದನ್ನು ಮಾತ್ರ ಕೈಬಿಟ್ಟ ವಿಧಾನ ಮೊನೊಟೈಪ್. ಇಲ್ಲಿ ತಗಡಿನಲ್ಲಿ ಕೆತ್ತನೆ ಇಲ್ಲ, ಗೀರಿಲ್ಲ, ಏನೂ ಇಲ್ಲ. ನುಣುಪಾದ ಮೇಲ್ಮೈಗೆ ಶಾಯಿ ಹಚ್ಚಿ, ಅದು ಹಸಿ ಇರುವಾಗಲೇ ಚಿತ್ರ ಮಾಡಿ, ಕಾಗದ ಇಟ್ಟು ಒತ್ತಿ ಎತ್ತುತ್ತೇವೆ. ಚಿತ್ರ ಕಾಗದಕ್ಕೆ ಹೋಗುತ್ತದೆ. ಪ್ಲೇಟಿನಲ್ಲಿ ಉಳಿದ ಚೂರುಪಾರು ಶಾಯಿಯನ್ನು ಅಡುಗೆ ಎಣ್ಣೆ ಹಾಕಿ ಒರೆಸಿದರೆ, ಅಲ್ಲಿ ಏನಾದರೂ ಇತ್ತು ಅನ್ನುವುದಕ್ಕೆ ಸಾಕ್ಷಿಯೇ ಇರುವುದಿಲ್ಲ.

ನಾನು ಬೆಂಗಳೂರಿನ ಒಂದು ವಾರಾಂತ್ಯದ ಕಲಾ ತರಗತಿಯಲ್ಲಿ ಇದನ್ನು ಕಲಿಯುತ್ತಿದ್ದೇನೆ. ಅಲ್ಲಿ ತಾಮ್ರದ ತಗಡು ಯಾರಿಗೂ ಕೊಡುವುದಿಲ್ಲ. ಅಕ್ರಿಲಿಕ್ ಶೀಟೇ ಪ್ಲೇಟು. ಅದರ ನಾಲ್ಕು ಅಂಚನ್ನೂ ಅರದಿಂದ ಉಜ್ಜಿ ಓರೆ ಮಾಡಬೇಕು, ಇಲ್ಲದಿದ್ದರೆ ಒದ್ದೆ ಕಾಗದ ಪ್ರೆಸ್ಸಿನಡಿ ಸೀಳುತ್ತದೆ. ಶೀಟು ಪಾರದರ್ಶಕವಾದ್ದರಿಂದ ಅಡಿಯಲ್ಲಿ ಪೆನ್ಸಿಲ್ ನಕ್ಷೆ ಇಟ್ಟುಕೊಂಡು ಮೇಲೆ ಬರೆಯಬಹುದು. ಆದರೆ ಕಾಗದದಲ್ಲಿ ಎಲ್ಲವೂ ಎಡಬಲ ತಿರುಗುಮುರುಗಾಗುತ್ತದೆ, ಬಲಗೈ ಎತ್ತಿದವನು ಎಡಗೈ ಎತ್ತಿ ನಿಲ್ಲುತ್ತಾನೆ.

ಮೊದಲಿಗೆ ಶಾಯಿ ಹದ ಮಾಡುವುದು. ಎಚ್ಚಿಂಗ್ ಶಾಯಿ ಡಬ್ಬಿಯಿಂದ ಗಟ್ಟಿಯಾಗಿ ಬರುತ್ತದೆ. ಗಾಜಿನ ಮೇಲೆ ಹಾಕಿ ಸ್ಪ್ಯಾಚುಲಾದಿಂದ ತಿಕ್ಕಿ ತಿಕ್ಕಿ ಕೆಲಸ ಮಾಡಿಸಬೇಕು, ತೀರ ಬಿಗಿಯಾಗಿದ್ದರೆ ಒಂದು ಹನಿ ಅಗಸೆ ಎಣ್ಣೆ. ಆಮೇಲೆ ರೋಲರ್ ಎಳೆಯುತ್ತಾ ಹೋದ ಹಾಗೆ ಸದ್ದು ಬದಲಾಗುತ್ತದೆ. ಶಾಯಿ ದಪ್ಪಗಿದ್ದಾಗ ಪಚಪಚ ಎನ್ನುತ್ತದೆ. ಸರಿಯಾಗಿ ತೆಳುವಾದಾಗ ಹೆಂಚಿನ ಮೇಲೆ ಜಿನುಗು ಮಳೆ ಬಿದ್ದ ಹಾಗೆ ಸಣ್ಣಗೆ, ಒಂದೇ ಸಮನೆ ಕೇಳುತ್ತದೆ. ನಮ್ಮ ಮೇಷ್ಟ್ರು ದೂರದಲ್ಲಿ ಬೇರೆ ಯಾರದೋ ಕಾಗದ ನೆನೆಸುತ್ತಾ ನಿಂತಿದ್ದರೂ ಆ ಸದ್ದು ಕೇಳಿಯೇ ‘ಸಾಕು, ಈಗ ಹಚ್ಚಿ’ ಎನ್ನುತ್ತಾರೆ. ಪ್ಲೇಟಿನ ತುಂಬ ರೋಲರ್ ಆಡಿಸಿದ ಮೇಲೆ ಎದುರಿಗಿರುವುದು ಒಂದು ಕಪ್ಪು ಆಯತ. ಬಿಳಿ ಹಾಳೆಯ ಎದುರು ಕೂತಾಗಿನ ಅಂಜಿಕೆ ಇದರ ಎದುರು ಬರುವುದಿಲ್ಲ, ಯಾಕೆಂದು ನನಗೆ ಆಮೇಲೆ ತಿಳಿಯಿತು. ಬಿಳಿ ಹಾಳೆಗೆ ಏನಾದರೂ ಸೇರಿಸಬೇಕು. ಈ ಕಪ್ಪಿನಿಂದ ತೆಗೆಯುವುದಷ್ಟೇ ಕೆಲಸ.

ಹತ್ತಿ ಬಟ್ಟೆಯ ಚೂರನ್ನು ಬೆರಳಿಗೆ ಸುತ್ತಿಕೊಂಡು ಒಂದು ಕಡೆ ಒರೆಸಿದರೆ ಅಲ್ಲಿ ಬೆಳಕು. ಬಿದಿರು ಕಡ್ಡಿಯ ತುದಿಯಿಂದ ಗೀಚಿದರೆ ಬಿಳಿ ಗೆರೆ. ಒಣ ಬ್ರಷ್ ಎಳೆದರೆ ಕೂದಲು, ಹುಲ್ಲು, ದೂರದ ಮಳೆ. ಬೆರಳಿನಿಂದಲೇ ತಟ್ಟಿದರೆ ಮೋಡ, ಅದರಲ್ಲಿ ನಮ್ಮ ಬೆರಳ ರೇಖೆಗಳೂ ಸೇರಿಕೊಂಡಿರುತ್ತವೆ. ಒರೆಸಿದ್ದು ಹೆಚ್ಚಾಯಿತೆನ್ನಿಸಿದರೆ ರೋಲರ್ ಮತ್ತೆ ಆಡಿಸಿ ಕತ್ತಲೆಯನ್ನು ವಾಪಸು ತರಬಹುದು. ಮುಖ ಸರಿಬರಲಿಲ್ಲವೆ, ಅಳಿಸಿ. ಮರ ಬೇಡವೆ, ತೆಗೆಯಿರಿ. ಪ್ಲೇಟು ಯಾವುದಕ್ಕೂ ಬೇಸರಪಡುವುದಿಲ್ಲ, ಯಾವುದನ್ನೂ ನೆನಪಿಟ್ಟುಕೊಳ್ಳುವುದಿಲ್ಲ.

ನನ್ನ ಪಕ್ಕದ ಮೇಜಿನಲ್ಲಿ ಕೂರುವವರು ನಿವೃತ್ತ ನಕ್ಷೆಗಾರರು. ಜೀವಮಾನವಿಡೀ ಟ್ರೇಸಿಂಗ್ ಹಾಳೆಯ ಮೇಲೆ ಇಂಡಿಯನ್ ಇಂಕಿನಿಂದ ಕಾಲುವೆ, ತೂಬು, ಸೇತುವೆಗಳ ನಕ್ಷೆ ಬರೆದವರು. ಅವರ ಕಾಲದಲ್ಲಿ ಗೆರೆ ತಪ್ಪಿದರೆ ಅರ್ಧ ಬ್ಲೇಡಿನಿಂದ ಹಾಳೆಯನ್ನು ಮೆಲ್ಲಗೆ ಕೆರೆದು, ಕೆರೆದ ಜಾಗವನ್ನು ಉಗುರಿನಿಂದ ಉಜ್ಜಿ ನುಣುಪು ಮಾಡಿ ಮತ್ತೆ ಎಳೆಯಬೇಕಿತ್ತು. ಎಷ್ಟೇ ಜಾಣತನ ಮಾಡಿದರೂ ಬೆಳಕಿಗೆ ಹಿಡಿದರೆ ಗಾಯ ಕಾಣುತ್ತಿತ್ತು. ಅವರು ಒಂದು ದಿನ ಹೆಚ್ಚೂಕಡಿಮೆ ಮುಗಿದಿದ್ದ ಕೆರೆಯ ಚಿತ್ರವನ್ನು ಒಂದೇ ಏಟಿಗೆ ಒರೆಸಿ ಹಾಕಿ, ಶೀಟನ್ನು ಕಿಟಕಿಗೆ ಹಿಡಿದು ಬಹಳ ಹೊತ್ತು ನೋಡಿದರು. ಗಾಯ ಹುಡುಕುತ್ತಿದ್ದರು. ಸಿಗಲಿಲ್ಲ. ‘ಇದು ಒಳ್ಳೇದೋ ಕೆಟ್ಟದ್ದೋ ಹೇಳಿ’ ಎಂದು ನನ್ನನ್ನು ಕೇಳಿದರು. ಆ ಪ್ರಶ್ನೆ ನನ್ನನ್ನು ಇನ್ನೂ ಬಿಟ್ಟಿಲ್ಲ. ಈ ಬರಹ ಅದಕ್ಕೆ ನಾನು ಕೊಡಬಹುದಾದ ಉತ್ತರ.

ಅನಿತ್ಯದ ಬಗ್ಗೆ ನಾವು ಮಾತಾಡುವುದೆಲ್ಲ ಬಹುಮಟ್ಟಿಗೆ ದೂರು. ಹೂವು ಬಾಡುತ್ತದೆ, ಯೌವನ ಹೋಗುತ್ತದೆ, ಮನೆ ಮಾರಿಹೋಗುತ್ತದೆ, ಇದ್ದವರು ಇಲ್ಲವಾಗುತ್ತಾರೆ. ಆದರೆ ಹಸಿ ಪ್ಲೇಟಿನ ಎದುರು ಕೂತವನಿಗೆ ಈ ದೂರಿನ ಇನ್ನೊಂದು ಮಗ್ಗುಲು ಕೈಗೆ ಸಿಗುತ್ತದೆ. ಶಾಯಿಯ ಯಾವ ಗುಣದಿಂದ ಚಿತ್ರ ಅಳಿಯುತ್ತದೋ ಅದೇ ಗುಣದಿಂದ ಚಿತ್ರ ಆಗುತ್ತದೆ. ಒರೆಸಿದರೆ ಹೋಗದ ಶಾಯಿಯಲ್ಲಿ ಬೆಳಕು ತೆಗೆಯಲು ಬರುವುದಿಲ್ಲ. ತಿದ್ದಲು ಬರುವುದೆಲ್ಲ ಕೆಡಲೂ ಬರುತ್ತದೆ. ಇವೆರಡನ್ನು ಬೇರೆ ಮಾಡಿ ಒಂದನ್ನು ಇಟ್ಟುಕೊಂಡು ಇನ್ನೊಂದನ್ನು ಎಸೆಯುವ ಉಪಾಯವನ್ನು ಯಾರೂ ಕಂಡುಹಿಡಿದಿಲ್ಲ. ನಾವು ಪ್ರೀತಿಸುವುದರಲ್ಲಿ ಅನಿತ್ಯವನ್ನು ಶಪಿಸುತ್ತೇವೆ, ನಾವು ತಾಳಲಾರದ್ದರಲ್ಲಿ ಅದನ್ನೇ ನಂಬಿಕೊಂಡು ಬದುಕುತ್ತೇವೆ. ಜ್ವರ ಇಳಿಯುತ್ತದೆ, ಜಗಳ ಆರುತ್ತದೆ, ಅವಮಾನ ಮಾಸುತ್ತದೆ, ದಡ್ಡ ಮಗು ಅನ್ನಿಸಿಕೊಂಡವಳು ಓದಿ ಮುಂದೆ ಬರುತ್ತಾಳೆ. ಲೋಕ ಇನ್ನೂ ಒಣಗಿಲ್ಲ ಅನ್ನುವ ಕಾರಣಕ್ಕೆ ಇವೆಲ್ಲ ಸಾಧ್ಯ.

ಇದು ನನ್ನ ಹೊಸ ವಿಚಾರವೇನೂ ಅಲ್ಲ. ನಾಗಾರ್ಜುನ ‘ಮೂಲಮಧ್ಯಮಕಕಾರಿಕೆ’ಯ ಇಪ್ಪತ್ನಾಲ್ಕನೆಯ ಪ್ರಕರಣದಲ್ಲಿ ಎದುರಾಳಿಯ ಆಕ್ಷೇಪವೊಂದನ್ನು ಎತ್ತಿಕೊಳ್ಳುತ್ತಾನೆ. ಎಲ್ಲವೂ ಶೂನ್ಯ, ಯಾವುದಕ್ಕೂ ತನ್ನದೇ ಆದ ಸ್ಥಿರ ಸ್ವಭಾವವಿಲ್ಲ ಎಂದರೆ ದುಃಖವೂ ಇಲ್ಲ, ದುಃಖದ ಅಂತ್ಯವೂ ಇಲ್ಲ, ದಾರಿಯೂ ಇಲ್ಲ ಎಂದಾಗಲಿಲ್ಲವೆ ಎಂಬುದು ಆಕ್ಷೇಪ. ನಾಗಾರ್ಜುನ ಅದನ್ನು ಹಾಗೇ ತಿರುಗಿಸಿ ಎದುರಾಳಿಯ ಮೇಲೇ ಇಡುತ್ತಾನೆ. ದುಃಖಕ್ಕೆ ಸ್ಥಿರ ಸ್ವಭಾವ ಇದ್ದಿದ್ದರೆ ಅದು ಹುಟ್ಟುವುದೂ ಅಸಾಧ್ಯ, ನಿಲ್ಲುವುದೂ ಅಸಾಧ್ಯ. ಈವರೆಗೆ ತಿಳಿಯದೆ ಇದ್ದವನು ಮುಂದೆ ತಿಳಿಯುವುದೂ ಆಗದು. ಶೂನ್ಯತೆಗೆ ಎಡೆ ಇರುವಲ್ಲಿ ಮಾತ್ರ ಮಿಕ್ಕ ಎಲ್ಲದಕ್ಕೂ ಎಡೆ. ಈ ವಾದವನ್ನು ನಾನು ಬಹಳ ಹಿಂದೆ ಓದಿದ್ದೆ, ತಲೆದೂಗಿದ್ದೆ. ಆದರೆ ತಲೆ ಒಪ್ಪಿದ್ದನ್ನು ಕೈ ಒಪ್ಪುವುದು ಬೇರೆ. ಕಪ್ಪು ಪ್ಲೇಟಿನಲ್ಲಿ ಹತ್ತಿ ಬಟ್ಟೆ ಓಡಿದಾಗ ನನ್ನ ಕೈ ಅದನ್ನು ಒಪ್ಪಿತು.

ಮೊನೊಟೈಪನ್ನು ಮೊದಲು ಮಾಡಿದ ಕೀರ್ತಿ ಸಾಮಾನ್ಯವಾಗಿ ಸಲ್ಲುವುದು ಇಟಲಿಯ ಜಿನೋವಾದ ಜೊವಾನ್ನಿ ಬೆನೆದೆತ್ತೊ ಕಾಸ್ತಿಲ್ಯೋನೆಗೆ, 1640ರ ದಶಕದಲ್ಲಿ. ಹತ್ತಿರಹತ್ತಿರ ಅದೇ ಕಾಲದಲ್ಲಿ ಆಮ್‌ಸ್ಟರ್‌ಡ್ಯಾಮಿನಲ್ಲಿ ರೆಂಬ್ರಾಂಟ್ ತನ್ನ ಎಚ್ಚಿಂಗ್ ತಗಡುಗಳ ಮೇಲೆ ಬೇಕೆಂದೇ ಶಾಯಿಯ ತೆಳುಪದರ ಉಳಿಸಿ, ಒಂದೊಂದು ಪ್ರತಿಗೆ ಒಂದೊಂದು ಕತ್ತಲೆ ಕೊಡುತ್ತಿದ್ದ. ಕಾಸ್ತಿಲ್ಯೋನೆ ಇನ್ನೂ ಮುಂದೆ ಹೋಗಿ ಕೊರೆಯುವುದನ್ನೇ ಬಿಟ್ಟ. ಅವನ ‘ಆದಾಮನ ಸೃಷ್ಟಿ’ ಈಗ ಶಿಕಾಗೋದ ಆರ್ಟ್ ಇನ್‌ಸ್ಟಿಟ್ಯೂಟಿನಲ್ಲಿದೆ. ಚಿತ್ರದ ತುಂಬ ಕಪ್ಪು. ಅದರಲ್ಲಿ ಮೊಂಡು ಕಡ್ಡಿಯಿಂದ ಗೀಚಿ ತೆಗೆದ ಬಿಳಿ ಗೆರೆಗಳಲ್ಲಿ ಮೋಡದ ನಡುವಿನ ದೇವರು, ಕೆಳಗೆ ಮಣ್ಣಿನಿಂದ ಏಳುತ್ತಿರುವ ಮೊದಲ ಮನುಷ್ಯ. ತನ್ನ ಹೊಸ ವಿಧಾನಕ್ಕೆ ಅವನು ಈ ವಿಷಯ ಆರಿಸಿಕೊಂಡದ್ದು ಆಕಸ್ಮಿಕ ಎಂದು ನನಗನ್ನಿಸುವುದಿಲ್ಲ. ಅಲ್ಲಿ ಆದಾಮನ ಮೈಗೆ ಯಾರೂ ಏನನ್ನೂ ಹಚ್ಚಿಲ್ಲ. ಸುತ್ತಲಿದ್ದ ಕತ್ತಲೆಯಲ್ಲಿ ಒಂದಿಷ್ಟನ್ನು ತೆಗೆದಿದ್ದಾರೆ, ಉಳಿದ ಜಾಗ ಮನುಷ್ಯ.

ಆಮೇಲೆ ಈ ವಿದ್ಯೆ ಬಹಳ ಕಾಲ ಮುಖ್ಯ ಹಾದಿಗೆ ಬರಲಿಲ್ಲ. ವಿಲಿಯಂ ಬ್ಲೇಕ್ 1795ರ ಸುಮಾರಿಗೆ ‘ನ್ಯೂಟನ್’ ಮೊದಲಾದ ದೊಡ್ಡ ವರ್ಣಚಿತ್ರಗಳನ್ನು ಹೀಗೇ ಹಲಗೆಯ ಮೇಲೆ ಬಣ್ಣ ಬಳಿದು ಕಾಗದಕ್ಕೆ ಇಳಿಸಿದ. ಅದು ಬಿಟ್ಟರೆ ಮತ್ತೆ ಜೀವ ಬಂದದ್ದು ಪ್ಯಾರಿಸ್ಸಿನಲ್ಲಿ, 1870ರ ದಶಕದಲ್ಲಿ. ಲುದೋವಿಕ್ ಲೆಪಿಕ್ ಎಂಬ ಕಲಾವಿದ ಶೆಲ್ಟ್ ನದೀತೀರದ ಒಂದೇ ಎಚ್ಚಿಂಗ್ ತಗಡಿಗೆ ಬೇರೆಬೇರೆ ರೀತಿ ಶಾಯಿ ಹಚ್ಚಿ ಒರೆಸಿ, ಒಮ್ಮೆ ಬೆಳದಿಂಗಳು, ಒಮ್ಮೆ ಮಳೆ, ಒಮ್ಮೆ ಬೆಂಕಿ ಬಿದ್ದ ದಡ ಎಂದು ಎಂಬತ್ತಕ್ಕೂ ಹೆಚ್ಚು ಬಗೆ ತೆಗೆದ. ಆ ತಗಡಿನಲ್ಲಿ ಗೆರೆ ಇತ್ತು, ಮೇಲಿನ ಹವಾಮಾನ ಮಾತ್ರ ಬದಲಾಗುತ್ತಿತ್ತು. ಅವನ ಜೊತೆ ಕೂತು ಎಡ್ಗರ್ ಡೆಗಾ ಮಾಡಿದ ಮೊದಲ ಮೊನೊಟೈಪ್ ಬ್ಯಾಲೆ ಗುರುವೊಬ್ಬನ ಚಿತ್ರ. ಅದರ ಮೇಲೆ ಇಬ್ಬರ ಸಹಿಯೂ ಇದೆ. ಡೆಗಾ ಆಗ ನಲವತ್ತು ದಾಟಿದವನು, ಹೆಸರು ಮಾಡಿದವನು. ಆದರೂ ಹೊಸ ವಿದ್ಯಾರ್ಥಿಯ ಹಾಗೆ ಈ ಶಾಯಿಗೆ ಬಿದ್ದ. ಮುಂದಿನ ವರ್ಷಗಳಲ್ಲಿ ಮೂರು ನೂರಕ್ಕೂ ಹೆಚ್ಚು ಮೊನೊಟೈಪ್ ಮಾಡಿದ. ಕಾಫಿ ಅಂಗಡಿಯ ಗಾಯಕಿಯರು, ದೀಪದಡಿ ಓದುವವರು, ಸ್ನಾನದ ತೊಟ್ಟಿಯಿಂದ ಹೊರಬರುವ ಹೆಂಗಸರು. ಹತ್ತಿರದಿಂದ ನೋಡಿದರೆ ಮೈಯ ಬಣ್ಣದ ಮೇಲೆ, ಪರದೆಯ ಮಡಿಕೆಯ ಮೇಲೆ ಅವನ ಬೆರಳ ಗುರುತುಗಳು ಸ್ಪಷ್ಟವಾಗಿ ಕಾಣುತ್ತವೆ. ಕ್ಯಾನ್ವಾಸಿನಲ್ಲಿ ಅಷ್ಟು ಬಿಗಿಯಾಗಿ ಗೆರೆ ಎಳೆಯುವ ಮನುಷ್ಯ ಇಲ್ಲಿ ಬಟ್ಟೆಯಿಂದ ಒರೆಸುತ್ತಾನೆ, ಬೆರಳಿನಿಂದ ತಿಕ್ಕುತ್ತಾನೆ.

ನನಗೆ ಇವುಗಳಿಗಿಂತ ಹೆಚ್ಚು ಹಿಡಿಸುವುದು ಅವನ 1890ರ ಭೂದೃಶ್ಯಗಳು. ಆ ಶರತ್ಕಾಲದಲ್ಲಿ ಗೆಳೆಯ, ಶಿಲ್ಪಿ ಬಾರ್ತೊಲೊಮೆ ಜೊತೆ ಕುದುರೆಗಾಡಿಯಲ್ಲಿ ಬರ್ಗಂಡಿ ಸೀಮೆಗೆ ಹೋದ ಡೆಗಾ, ದಿಯೆನೆ ಎಂಬ ಹಳ್ಳಿಯಲ್ಲಿದ್ದ ಚಿತ್ರಕಾರ ಜಾನಿಯೊನ ಮನೆಯಲ್ಲಿ ಕೂತು ದಾರಿಯಲ್ಲಿ ಕಂಡದ್ದನ್ನು ನೆನಪಿನಿಂದಲೇ ಪ್ಲೇಟಿಗೆ ಇಳಿಸಿದ. ಈ ಸಲ ಕಪ್ಪು ಶಾಯಿಯಲ್ಲ, ತೈಲವರ್ಣ. ಓಡುವ ಗಾಡಿಯಿಂದ ಕಂಡ ಗುಡ್ಡಕ್ಕೆ ಗಟ್ಟಿ ಅಂಚು ಎಲ್ಲಿಂದ ಬರಬೇಕು? ಹಸಿರು ಹಳದಿಗೆ ಜಾರಿದೆ, ಆಕಾಶ ಹೊಲದೊಳಗೆ ಇಳಿದಿದೆ. ಕೆಲವದರಲ್ಲಿ ಇದು ಗುಡ್ಡವೋ ಹೊಗೆಯೋ ಹೇಳಲಾಗದು. 1892ರಲ್ಲಿ ದ್ಯುರಾಂ-ರ‍್ಯುಯೆಲ್ ಗ್ಯಾಲರಿಯಲ್ಲಿ ಇವನ್ನು ತೋರಿಸಿದ. ಆ ಹೊತ್ತಿಗೆ ಅವನ ದೃಷ್ಟಿ ಕೆಡುತ್ತಾ ಬಂದಿತ್ತು. ಹೋಗುತ್ತಿರುವ ಕಣ್ಣು, ಹಿಂದೆ ಸರಿದ ದಾರಿ, ಮಾಸುವ ನೆನಪು, ಹಸಿ ಬಣ್ಣ, ಇವೆಲ್ಲ ಕೂಡಿದಾಗ ನಷ್ಟದ ಪಟ್ಟಿಯಾಗಬೇಕಿತ್ತು. ಆ ಚಿತ್ರಗಳಲ್ಲಿ ನನಗೆ ಕಾಣುವುದು ಹುರುಪು. ಸ್ಪಷ್ಟವಾಗಿ ಕಂಡಿದ್ದರೆ ಬಿಡಿಸಬೇಕಾಗುತ್ತಿದ್ದ ಎಷ್ಟೋ ವಿವರಗಳಿಂದ ಅವನು ಬಿಡುಗಡೆ ಪಡೆದಿದ್ದಾನೆ.

ಅನಿತ್ಯದ ಬಗ್ಗೆ ಕನ್ನಡದಲ್ಲಿ ಬರೆಯುವವನಿಗೆ ಶ್ರವಣಬೆಳಗೊಳದ ಚಿಕ್ಕಬೆಟ್ಟ ದಾಟಿ ಹೋಗಲು ಆಗುವುದಿಲ್ಲ. ಅಲ್ಲಿಯ ಬಂಡೆಯ ಮೇಲೆ, ಸುಮಾರು ಏಳನೆಯ ಶತಮಾನದ ಕೊನೆಯ ಹೊತ್ತಿನದು ಎನ್ನಲಾಗುವ, ನಂದಿಸೇನ ಮುನಿಯ ನಿಸಿದಿ ಶಾಸನವಿದೆ. ರೂಪು, ಸಿರಿ, ಭೋಗ ಯಾವುದೂ ನಿಲ್ಲುವುದಲ್ಲ ಎಂದು ತಿಳಿದು ಅವನು ಸನ್ಯಸನ ಕೈಗೊಂಡು ದೇಹ ಬಿಟ್ಟ ಸಂಗತಿ ಅದರಲ್ಲಿದೆ. ಕವಿ ಕೊಡುವ ಹೋಲಿಕೆಗಳು ಕಾಮನಬಿಲ್ಲು, ಮಿಂಚು, ಮಂಜು. ಮೂರೂ ಕಣ್ಣು ಮುಚ್ಚಿ ತೆರೆಯುವಷ್ಟರಲ್ಲಿ ಇಲ್ಲವಾಗುವಂಥವು. ಇವನ್ನು ಉಳಿಯಿಂದ ಗ್ರಾನೈಟಿಗೆ ಹೊಡೆದಿದ್ದಾರೆ. ಸಾವಿರದ ಮುನ್ನೂರು ವರ್ಷಗಳ ಮೇಲೂ ಬಿಸಿಲಿಗೆ ಓರೆಯಾಗಿ ನಿಂತು ನೋಡಿದರೆ ಅಕ್ಷರ ಕಾಣುತ್ತದೆ. ಯಾವುದೂ ಉಳಿಯದು ಎಂಬ ಮಾತು ಇಷ್ಟು ಚೆನ್ನಾಗಿ ಉಳಿದಿದೆ.

ಇದನ್ನು ವಿರೋಧಾಭಾಸ ಎಂದು ತೋರಿಸಿ ಮುಂದೆ ಹೋಗುವುದು ಸುಲಭ. ನನಗೆ ಹಾಗನ್ನಿಸುವುದಿಲ್ಲ. ನಿಸಿದಿ ಹಾಕಿಸಿದವರು ಬಾಳನ್ನು ಮುಗಿಸಿದವನ ಬಗ್ಗೆ ಹೇಳುತ್ತಿದ್ದರು. ಮುಗಿದದ್ದಕ್ಕೆ ಕಲ್ಲು ತಕ್ಕ ಜಾಗ. ಅದನ್ನು ಇನ್ನು ತಿದ್ದಬೇಕಾಗಿಲ್ಲ, ತಿದ್ದಲೂಬಾರದು. ಒಂದು ಬಾಳಿನ ಎಲ್ಲ ತಿದ್ದುಪಡಿಗಳೂ ನಿಂತುಹೋದ ಮೇಲೆ ಬರುವ ವಾಕ್ಯ ಅದು. ನಾವು ಬದುಕಿರುವವರು ನಮ್ಮ ಬಗ್ಗೆ, ನಮ್ಮ ಮಕ್ಕಳ ಬಗ್ಗೆ, ನಮಗೆ ಆಗದವರ ಬಗ್ಗೆ ದಿನವೂ ಕಲ್ಲಿನಲ್ಲಿ ಹೊಡೆದ ಹಾಗೆ ಮಾತಾಡುತ್ತೇವಲ್ಲ, ‘ಅವನು ಇಷ್ಟೇ’, ‘ನನ್ನ ಕೈಲಿ ಇದು ಆಗದು’ ಎಂದು, ನನಗೆ ಅಸಂಗತವಾಗಿ ಕಾಣುವುದು ಅದು. ಹಸಿ ಇರುವುದನ್ನು ಒಣಗಿದೆ ಎಂದು ತಿಳಿದು ನಡೆದುಕೊಳ್ಳುವುದು.

ಆ ಶಾಸನಗಳು ಓದುಗರಿಗೆ ತಲುಪಿದ್ದೂ ಅಚ್ಚಿನ ಮೂಲಕವೇ. ಬಿ.ಎಲ್. ರೈಸ್ ಶ್ರವಣಬೆಳಗೊಳದ ಶಾಸನಗಳ ಸಂಪುಟ ಹೊರತಂದದ್ದು 1889ರಲ್ಲಿ. ಶಾಸನದ ಪಡಿಯಚ್ಚು ತೆಗೆಯುವವರು ಕಲ್ಲನ್ನು ತೊಳೆದು, ನೆನೆಸಿದ ಕಾಗದ ಹೊದಿಸಿ, ಬ್ರಷ್ಷಿನಿಂದ ಬಡಿದು ಬಡಿದು ಅದು ಅಕ್ಷರದ ಕುಳಿಯೊಳಗೆ ಇಳಿಯುವಂತೆ ಮಾಡುತ್ತಾರೆ. ಆಮೇಲೆ ಬಟ್ಟೆಯ ಗುಂಡಿಗೆ ಮಸಿ ತಾಗಿಸಿ ಮೇಲೆ ತಟ್ಟುತ್ತಾರೆ. ತಗ್ಗಿನಲ್ಲಿರುವ ಅಕ್ಷರಕ್ಕೆ ಮಸಿ ತಾಗುವುದಿಲ್ಲ. ಎತ್ತಿ ನೋಡಿದರೆ ಕಪ್ಪು ನೆಲದಲ್ಲಿ ಬಿಳಿ ಬರಹ. ಕಾಸ್ತಿಲ್ಯೋನೆಯ ಆದಾಮ, 1914ರಿಂದ ಮುಂದೆ ಮತೀಸ್ ಪುಟ್ಟ ತಗಡುಗಳ ಮೇಲೆ ಗೀಚಿದ ಹಣ್ಣು ಮತ್ತು ಮುಖಗಳು, ಚಿಕ್ಕಬೆಟ್ಟದ ಅಕ್ಷರಗಳು, ಮೂರನ್ನೂ ಒಟ್ಟಿಗೆ ಇಟ್ಟರೆ ಒಂದೇ ಮನೆತನದವು ಅನ್ನಿಸುತ್ತವೆ. ವ್ಯತ್ಯಾಸವೆಂದರೆ ಕಲ್ಲಿನಿಂದ ಎಷ್ಟು ಪಡಿಯಚ್ಚು ಬೇಕಾದರೂ ಬರುತ್ತದೆ. ಹಸಿ ಶಾಯಿಯಿಂದ ಒಂದೇ.

ಒಂದೇ ಎಂದು ಹೇಳಿದೆ, ಪೂರಾ ನಿಜವಲ್ಲ. ಮೊದಲ ಕಾಗದ ಎತ್ತಿದ ಮೇಲೆ ಪ್ಲೇಟಿನಲ್ಲಿ ಶಾಯಿಯ ತೆಳುವಾದ ಪದರ ಉಳಿದಿರುತ್ತದೆ. ಒಣಗುವ ಮುಂಚೆ ಇನ್ನೊಂದು ಒದ್ದೆ ಕಾಗದ ಇಟ್ಟು, ಪ್ರೆಸ್ಸನ್ನು ಸ್ವಲ್ಪ ಬಿಗಿ ಮಾಡಿ ಎಳೆದರೆ ಎರಡನೆಯದೊಂದು ಬರುತ್ತದೆ. ಇದಕ್ಕೆ ಅಚ್ಚಿನವರು ಘೋಸ್ಟ್ ಎನ್ನುತ್ತಾರೆ. ಮಂಕಾದದ್ದು, ಅಂಚು ಕರಗಿದ್ದು. ಮೊದಲನೆಯದರಲ್ಲಿ ಗಾಢ ಕಪ್ಪಿದ್ದ ಕಡೆ ಇದರಲ್ಲಿ ಬೂದು ಇರುತ್ತದೆ, ನವಿರಾದ ಛಾಯೆಗಳಿದ್ದ ಕಡೆ ಏನೂ ಇರುವುದಿಲ್ಲ. ತರಗತಿಯಲ್ಲಿ ಬಹಳ ಜನ ಇದನ್ನು ನೋಡಿ ಪಕ್ಕಕ್ಕಿಡುತ್ತಾರೆ. ಡೆಗಾ ಪಕ್ಕಕ್ಕಿಡಲಿಲ್ಲ. ಅವನು ಎಷ್ಟೋ ಸಲ ಈ ಮಂಕು ಎರಡನೆಯ ಹಾಳೆಯನ್ನು ತೆಗೆದುಕೊಂಡು ಅದರ ಮೇಲೆ ಪಾಸ್ಟೆಲ್ ಹಚ್ಚಿದ. ಕ್ಯಾಲೆಂಡರುಗಳಲ್ಲಿ ನಾವೆಲ್ಲ ನೋಡಿರುವ, ಒಂಟಿ ಕಾಲಲ್ಲಿ ನಿಂತ ಬ್ಯಾಲೆ ತಾರೆಯ ಚಿತ್ರ ಓರ್ಸೆ ಸಂಗ್ರಹಾಲಯದಲ್ಲಿದೆ. ಅದರ ಬಣ್ಣದಡಿ ಇರುವುದೂ ಒಂದು ಮೊನೊಟೈಪೇ.

ಇಲ್ಲಿಗೆ ಬಂದಾಗ ನನ್ನ ವಾದ ತನ್ನ ಅತಿ ಕಷ್ಟದ ಜಾಗಕ್ಕೆ ಬರುತ್ತದೆ. ಬದಲಾಗಲು ಬರುತ್ತದೆ ಎಂಬ ಕಾರಣಕ್ಕೇ ಲೋಕ ಒಳ್ಳೆಯದೂ ಆಗಬಹುದು ಎಂದೆ. ಸರಿ. ಆದರೆ ಒರೆಸಿ ಹೋಗಬಾರದಿತ್ತು ಎನ್ನಿಸುವುದು ಒರೆಸಿಹೋದಾಗ ಈ ಮಾತಿಗೆ ಏನು ಬೆಲೆ? ನಮ್ಮಪ್ಪ ತೀರಿಕೊಂಡಾಗ ಬಂದವರು ಹೋದವರೆಲ್ಲ ಹೇಳಿದ್ದು ಒಂದೇ, ಹುಟ್ಟಿದವನು ಸಾಯಲೇಬೇಕು. ಅದರಲ್ಲಿ ಸುಳ್ಳಿಲ್ಲ. ಆದರೆ ಆ ಹೊತ್ತಿನಲ್ಲಿ ಅದು ಅಪ್ಪನ ಬಗ್ಗೆ ಏನನ್ನೂ ಹೇಳುವುದಿಲ್ಲ. ಎಲ್ಲರಿಗೂ ಸಮನಾಗಿ ಸಲ್ಲುವ ಮಾತು ಆ ಒಬ್ಬರನ್ನು ಮುಟ್ಟುವುದಿಲ್ಲ. ಅನಿತ್ಯವನ್ನು ಬೋಧೆ ಮಾಡುವವರ ಮೇಲೆ ನನಗಿರುವ ತಕರಾರು ಇದು: ಅವರು ಬೇಗ ಪ್ಲೇಟು ತೊಳೆಯಲು ಹೇಳುತ್ತಾರೆ. ಮೋಹ ಬಿಡು, ಹೋದದ್ದು ಹೋಯಿತು, ಮುಂದೆ ನೋಡು. ಜೈನರ ದ್ವಾದಶಾನುಪ್ರೇಕ್ಷೆಯಲ್ಲಿ ಮೊದಲು ಬರುವುದೇ ಅನಿತ್ಯದ ಚಿಂತನೆ. ಹನ್ನೆರಡರಲ್ಲಿ ಒಂದು, ಅದೂ ಮತ್ತೆ ಮತ್ತೆ ಮನಸ್ಸಿಗೆ ತಂದುಕೊಳ್ಳಬೇಕಾದದ್ದು. ಆ ಹಿರಿಯರು ಅದನ್ನು ಅಭ್ಯಾಸ ಎಂದು ಇಟ್ಟರು. ಸಾವಿನ ಮನೆಯ ಬಾಗಿಲಲ್ಲಿ ನಿಂತು ಒಂದು ಸಲ ಹೇಳಿ ಹೋಗುವ ಸಮಾಧಾನ ಎಂದು ಇಡಲಿಲ್ಲ.

ಅಪ್ಪ ದಿನಪತ್ರಿಕೆಯನ್ನು ಓದುವ ಮುಂಚೆ ಉದ್ದಕ್ಕೆ ಮಡಚಿ, ಮತ್ತೆ ಅಡ್ಡಕ್ಕೆ ಮಡಚಿ, ಮಡಿಕೆಯ ಮೇಲೆ ಹೆಬ್ಬೆರಳ ಉಗುರು ಎಳೆಯುತ್ತಿದ್ದರು. ಬಸ್ಸಿನಲ್ಲಿ ನಿಂತು ಓದಿ ಬೆಳೆದ ಅಭ್ಯಾಸ. ಒದ್ದೆ ಕಾಗದವನ್ನು ಬ್ಲಾಟಿಂಗ್ ಹಾಳೆಗಳ ನಡುವೆ ಇಡುವಾಗ ನಾನೂ ಅಂಚಿನ ಮೇಲೆ ಹೆಬ್ಬೆರಳ ಉಗುರು ಎಳೆಯುತ್ತೇನೆ. ಆ ಕೆಲಸಕ್ಕೆ ಅದು ಬೇಕಾಗಿಯೇ ಇಲ್ಲ. ನನ್ನ ಉಗುರು ಅವರದಷ್ಟು ಗಟ್ಟಿಯಲ್ಲ, ಗೆರೆ ಅವರದಷ್ಟು ನೇರವಲ್ಲ. ಇದು ಅವರ ಮಾಸಿದ ಪ್ರತಿಯೇ? ಮೊದಮೊದಲು ಹಾಗೇ ತಿಳಿದಿದ್ದೆ. ನೆನಪು ದಿನದಿನಕ್ಕೆ ತೆಳುವಾಗುತ್ತಿದೆ, ಧ್ವನಿಯ ಏರಿಳಿತ ಮೊದಲಿನಷ್ಟು ಕಿವಿಗೆ ಬರುತ್ತಿಲ್ಲ ಎಂದು ಲೆಕ್ಕ ಹಾಕುತ್ತಿದ್ದೆ. ಘೋಸ್ಟ್ ಹಾಳೆಯನ್ನು ಮೊದಲನೆಯದರ ಪಕ್ಕ ಇಟ್ಟು ನೋಡಿದರೆ ಯಾವಾಗಲೂ ಕೊರತೆಯೇ ಕಾಣುತ್ತದೆ. ಮೊದಲನೆಯದನ್ನು ತೆಗೆದಿಟ್ಟು ಇದೊಂದನ್ನೇ ನೋಡಿದಾಗ, ಮೊದಲನೆಯದರಲ್ಲಿ ಕಪ್ಪಿನಡಿ ಹುದುಗಿದ್ದ ಬಟ್ಟೆಯ ಎಳೆಯ ಗುರುತು, ಬ್ರಷ್ ತಿರುವಿದ ಜಾಗ, ಹಿಂಜರಿದು ನಿಂತ ಜಾಗ, ಇವೆಲ್ಲ ಇಲ್ಲಿ ಮೇಲೆ ಬಂದಿರುತ್ತವೆ. ಶಾಯಿ ತೆಳುವಾದ ಕಾರಣಕ್ಕೇ ಕೈ ಓಡಾಡಿದ ಹಾದಿ ಕಾಣುತ್ತದೆ. ಅಪ್ಪ ಇದ್ದಾಗ ಅವರ ಗದರಿಕೆಯ ದಪ್ಪ ಕಪ್ಪಿನಲ್ಲಿ ನನಗೆ ಕಾಣದೆ ಇದ್ದದ್ದು, ಅವರ ಅಂಜಿಕೆ, ಮನೆ ನಡೆಸಲು ಪಟ್ಟ ಪಾಡು, ಈಗ ಕಾಣುತ್ತದೆ. ಇದರಿಂದ ಅವರು ವಾಪಸು ಬರುವುದಿಲ್ಲ, ನಷ್ಟ ಕಡಿಮೆಯಾಗುವುದೂ ಇಲ್ಲ. ಆದರೆ ಉಳಿದದ್ದನ್ನು ಹೋದದ್ದರ ಪಕ್ಕ ಇಟ್ಟು ಅಳೆಯುವುದನ್ನು ನಾನು ನಿಲ್ಲಿಸಿದ್ದೇನೆ.

ನಕ್ಷೆಗಾರರ ಪ್ರಶ್ನೆಗೆ ಈಗ ಹೇಳಬಹುದು. ಗಾಯ ಉಳಿಯದೆ ಇರುವುದು ಒಳ್ಳೆಯದೇ, ಆದರೆ ಪ್ಲೇಟಿಗೆ. ಅದು ಮತ್ತೆ ಮತ್ತೆ ಎದುರು ಬರಬೇಕಾದ ಜಾಗ. ನೆನಪಿನ ಭಾರ ಹೊತ್ತುಕೊಂಡರೆ ಅದರ ಕೆಲಸ ನಡೆಯುವುದಿಲ್ಲ. ಗುರುತು ಹೊರಬೇಕಾದದ್ದು ಕಾಗದ. ಕಾಗದವೂ ನಿತ್ಯವೇನಲ್ಲ. ಸಂಗ್ರಹಾಲಯಗಳು ಇಂಥ ಹಾಳೆಗಳನ್ನು ಸಾಮಾನ್ಯವಾಗಿ 50 ಲಕ್ಸ್ ಆಸುಪಾಸಿನ ಮಂದ ಬೆಳಕಿನಲ್ಲಿ ಕೆಲವು ತಿಂಗಳು ತೋರಿಸಿ, ಮತ್ತೆ ಕತ್ತಲೆಯ ಪೆಟ್ಟಿಗೆಗೆ ಕಳಿಸುತ್ತವೆ. ನೋಡಿದಷ್ಟೂ ಸವೆಯುವ ವಸ್ತು ಅದು. ಹಾಗೆಂದು ತೋರಿಸದೇ ಇಟ್ಟರೆ ಯಾತಕ್ಕೆ? ಎಷ್ಟು ಬೆಳಕು, ಎಷ್ಟು ಕಾಲ ಎಂದು ಯೋಚಿಸಿ ಕೊಡುವ ಆ ಎಚ್ಚರವೇ ನಾವು ಇಂಥ ವಸ್ತುಗಳಿಗೆ ತೋರಬಹುದಾದ ಪ್ರೀತಿ.

ನಕ್ಷೆಗಾರರು ಆ ಕೆರೆಯನ್ನು ಮತ್ತೆ ಬರೆದರು, ಈ ಸಲ ಟ್ರೇಸ್ ವಿಧಾನದಲ್ಲಿ. ಶಾಯಿ ಹಚ್ಚಿದ ಪ್ಲೇಟಿನ ಮೇಲೆ ಕಾಗದವನ್ನು ಹಗುರವಾಗಿ ಇಟ್ಟು, ಅದರ ಬೆನ್ನಿನ ಮೇಲೆ ಪೆನ್ಸಿಲ್ಲಿನಿಂದ ಬರೆಯುವುದು. ಒತ್ತಿದ ಕಡೆ ಅಡಿಯಲ್ಲಿ ಶಾಯಿ ಹಿಡಿಯುತ್ತದೆ, ಕೈ ಊರಿದ ಕಡೆಯೂ ಮಸಿ ಮೆತ್ತುತ್ತದೆ. ಗೊಗ್ಯಾಂ ತನ್ನ ಕೊನೆಯ ವರ್ಷಗಳಲ್ಲಿ, ಪೆಸಿಫಿಕ್ ದ್ವೀಪಗಳಲ್ಲಿ, ಇದನ್ನು ಬಹಳ ಮಾಡಿದ. ಅವನ ಒಂದೊಂದು ಹಾಳೆಗೂ ಎರಡು ಮುಖ: ಬೆನ್ನಿನಲ್ಲಿ ಶುದ್ಧ ಪೆನ್ಸಿಲ್ ಗೆರೆ, ಮುಂದೆ ಮಸಿ ಹರಡಿದ ಚಿತ್ರ. ನಕ್ಷೆಗಾರರ ಬೆನ್ನಿನ ಗೆರೆಗಳು ಈಗಲೂ ಸೇತುವೆ ಕಟ್ಟಬಹುದಾದಷ್ಟು ನಿಖರ. ಮುಂದಿನ ಮುಖದಲ್ಲಿ ಏರಿಯ ಮೇಲೆ ಅವರ ಮಣಿಕಟ್ಟಿನ ನೆರಳು ಬಿದ್ದಿತ್ತು, ತೂಬಿನ ಗೆರೆ ನೀರಿನೊಳಗೆ ಹರಡಿತ್ತು. ಅದನ್ನು ತಿದ್ದಲು ಅವರು ಬ್ಲೇಡು ಕೇಳಲಿಲ್ಲ.

ಈಗ ತರಗತಿಯಲ್ಲಿ ನಮಗೆಲ್ಲ ನಡೆಯುತ್ತಿರುವ ಚರ್ಚೆ ಸಂಖ್ಯೆಯದು. ಅಚ್ಚಿನ ಪದ್ಧತಿಯಂತೆ ಹಾಳೆಯ ಕೆಳಗೆ ಎಡಮೂಲೆಯಲ್ಲಿ ಪೆನ್ಸಿಲ್ಲಿನಿಂದ ಎಷ್ಟರಲ್ಲಿ ಎಷ್ಟನೆಯದು ಎಂದು ಬರೆಯುತ್ತಾರೆ. ಮೊನೊಟೈಪಿಗೆ 1/1. ಘೋಸ್ಟಿಗೆ ಏನು ಬರೆಯಬೇಕು? ಇದಕ್ಕೆ ಎಲ್ಲ ಕಡೆ ಒಂದೇ ಪದ್ಧತಿ ಇಲ್ಲ. ಎರಡನೆಯದು ಎಂದು ಗುರುತಿಸಬೇಕು, ಕೊಳ್ಳುವವರಿಗೆ ತಿಳಿದಿರಬೇಕು ಎಂಬುದು ಮೇಷ್ಟ್ರ ಅಭಿಪ್ರಾಯ. ಅದರಲ್ಲಿ ನ್ಯಾಯವಿದೆ. ಅದಕ್ಕೂ 1/1 ಎಂದೇ ಬರೆಯಬೇಕು ಎಂಬುದು ನನ್ನ ಪಟ್ಟು. ಅದರ ಹಾಗಿನದು ಇನ್ನೊಂದಿಲ್ಲ, ಆ ತೆಳುವಿನಲ್ಲಿ ಕಾಣುವುದು ಮೊದಲನೆಯದರಲ್ಲಿ ಕಾಣುವುದಿಲ್ಲ. ನಕ್ಷೆಗಾರರು ನನ್ನ ಕಡೆ ಇದ್ದಾರೆ. ಮೇಷ್ಟ್ರು ಇನ್ನೂ ಒಪ್ಪಿಲ್ಲ. ಮುಂದಿನ ವಾರ ಬಣ್ಣದ ಶಾಯಿ ಹಚ್ಚುವುದನ್ನು ಹೇಳಿಕೊಡುತ್ತಾರೆ, ಹಳೆಯ ಘೋಸ್ಟ್ ಹಾಳೆಗಳನ್ನೆಲ್ಲ ತನ್ನಿ ಎಂದಿದ್ದಾರೆ.